ಊದುಬತ್ತಿ ತೋರಿಸಿದ ಬಿಳಿ ಡಬ್ಬಿ

ಭೂತಪ್ಪ ಬೀಡಿ ಹಚ್ಚಿ ಸತ್ತ ಎಂದು ತೌಡಿನೆಣ್ಣೆ ಕಾರ್ಖಾನೆಯವರು ಹೇಳಿದರು. ಭೂತಪ್ಪ ಬೀಡಿ ಸೇದುತ್ತಿರಲಿಲ್ಲ. ಅವತ್ತು ಅವನ ಕೈಗೆ ಬೆಂಕಿಪೊಟ್ಟಣ ಕೊಟ್ಟಿದ್ದು ಕಾರ್ಖಾನೆಯ ಸೂಪರ್‌ವೈಸರ್.

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ರಸ್ತೆಯ ಪಕ್ಕದಲ್ಲಿ ಆ ಕಾರ್ಖಾನೆ. ಸುತ್ತಲಿನ ಅಕ್ಕಿ ಗಿರಣಿಗಳ ತೌಡೆಲ್ಲ ಲಾರಿ ತುಂಬಿಕೊಂಡು ಅಲ್ಲಿಗೆ ಬರುತ್ತದೆ. ತೌಡು ಸುಮ್ಮನೆ ಹಿಂಡಿದರೆ ಎಣ್ಣೆ ಬಿಡುವುದಿಲ್ಲ. ಅದಕ್ಕೆ ಹೆಕ್ಸೇನ್ ಎಂಬ ದ್ರವ ಸುರಿದು ಎಣ್ಣೆಯನ್ನು ತೊಳೆದು ತೆಗೆಯುತ್ತಾರೆ. ಕೆಲಸದವರ ಬಾಯಲ್ಲಿ ಅದು ಸಾಲ್ವೆಂಟ್. ಪೆಟ್ರೋಲಿನ ಒಡಹುಟ್ಟು. ನೋಡಲು ನೀರಿನ ಹಾಗಿರುತ್ತದೆ, ನೋಡುತ್ತಿದ್ದ ಹಾಗೇ ಆವಿಯಾಗುತ್ತದೆ. ಆ ಆವಿ ಮೇಲಕ್ಕೆ ಏರಿ ಹೋಗುವಂಥದ್ದಲ್ಲ, ನೆಲ ಹಿಡಿದು ಹರಿಯುತ್ತದೆ, ಮೂಲೆಯಲ್ಲಿ, ಚರಂಡಿಯಲ್ಲಿ ಮಲಗಿರುತ್ತದೆ. ಒಂದು ಕಿಡಿ ತಾಗಿದರೆ ಎದ್ದು ನಿಲ್ಲುತ್ತದೆ.

ಎಣ್ಣೆ ತೆಗೆಯುವ ದೊಡ್ಡ ಕೋಣೆಗೆ ಸಾಲ್ವೆಂಟ್ ಹಾಲ್ ಎಂದು ಹೆಸರು. ಅದರ ಚಾವಣಿಗೆ ಬಿಳಿ ಡಬ್ಬಿಗಳನ್ನು ಹಾಕಿದ್ದರು. ಹೊಗೆ ಕಂಡರೆ ಕೂಗುವ ಡಬ್ಬಿಗಳು. ಇನ್‌ಸ್ಪೆಕ್ಟರು ಬರುವ ಹೊತ್ತಿಗೆ ಅವು ಕೂಗುತ್ತವೋ ಇಲ್ಲವೋ ನೋಡಬೇಕಲ್ಲ. ಅದಕ್ಕೊಂದು ಪದ್ಧತಿ ಬೆಳೆದಿತ್ತು. ಬೆಳಗಿನ ಪಾಳಿ ಶುರುವಾಗುವಾಗ ಸೂಪರ್‌ವೈಸರ್ ಮಾರಪ್ಪ ಆಫೀಸಿನಲ್ಲಿ ದೇವರ ಪಟಕ್ಕೆ ಊದುಬತ್ತಿ ಬೆಳಗುತ್ತಿದ್ದ. ಉಳಿದ ಊದುಬತ್ತಿಯನ್ನು ಬಿದಿರು ಕೋಲಿನ ತುದಿಗೆ ಸಿಕ್ಕಿಸಿ, ಅಲ್ಲಿ ಕೆಲಸಕ್ಕಿದ್ದ ಭೂತಪ್ಪನ ಕೈಯಲ್ಲಿ ಹಾಲಿನೊಳಗೆ ಕಳಿಸುತ್ತಿದ್ದ. ಡಬ್ಬಿಯ ಕೆಳಗೆ ಹಿಡಿದರೆ ಹೊಗೆ ಮೂಗಿಗೆ ಹೋಗಿ ಡಬ್ಬಿ ಕೂಗುತ್ತಿತ್ತು. “ಡಬ್ಬಿಗೂ ಮಂಗಳಾರತಿ ಆಯ್ತು” ಎಂದು ಎಲ್ಲರೂ ನಗುತ್ತಿದ್ದರು. ಬೆಂಕಿ ಬರುತ್ತದೋ ಎಂದು ಕಾಯುವ ಸಾಮಾನನ್ನು ಬೆಂಕಿ ತೋರಿಸಿ ಪರೀಕ್ಷೆ ಮಾಡುತ್ತಿದ್ದೇವೆ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಹೊಳೆಯಬೇಕಾದವರು ಫ್ಯಾನಿನ ಕೆಳಗೆ ಕೂತಿದ್ದರು.

2001ರ ಬೇಸಿಗೆಯಲ್ಲಿ ಒಂದು ಬೆಳಗ್ಗೆ ಊದುಬತ್ತಿ ಅರ್ಧ ದಾರಿಯಲ್ಲೇ ಆರಿಹೋಯಿತು. ಮಾರಪ್ಪ ಬಾಗಿಲಿಂದಲೇ ಬೆಂಕಿಪೊಟ್ಟಣ ಎಸೆದು, “ಅಲ್ಲೇ ಹಚ್ಕೊಳ್ಳೋ, ವಾಪಸ್ ಎಲ್ಲಿ ಬರ್ತೀಯ” ಎಂದ. ಭೂತಪ್ಪ ಕಡ್ಡಿ ಗೀರಿದ.

ಇದಿಷ್ಟನ್ನೂ ಅವನೇ ದೊಡ್ಡಾಸ್ಪತ್ರೆಯ ಬಾಳೆಲೆಯ ಮೇಲೆ ಮಲಗಿ ಹೆಂಡತಿ ಉಚ್ಚಂಗಮ್ಮನಿಗೆ ಹೇಳಿದ. ಆಮೇಲೆ ಮಾತಾಡಲಿಲ್ಲ. ಕಾರ್ಖಾನೆಯವರು ಮಾತಾಡಿದರು. ಬೀಡಿಯ ಮಾತು ಆಡಿದರು. ಮಾರಪ್ಪ ಹೌದು ಎಂದು ತಲೆ ಆಡಿಸಿದ. ತಾನೇ ಬೆಂಕಿ ಹಚ್ಚಿದವನಿಗೆ ಪರಿಹಾರ ಹೇಗೆ ಕೊಡುವುದು? ಆದರೂ ಮಾಲೀಕರು ದೊಡ್ಡ ಮನಸ್ಸಿನವರು, ಹೆಂಗಸಿಗೆ ಒಂದು ಕೆಲಸ ಕೊಡುತ್ತಾರೆ ಎಂದು ಮ್ಯಾನೇಜರ್ ಪ್ರಸನ್ನಕುಮಾರ್ ಹೇಳಿಕಳಿಸಿದ. ಗಂಡ ಬೆಂದ ಹಾಲನ್ನು ದಿನಾ ಗುಡಿಸುವ ಕೆಲಸ. ಉಚ್ಚಂಗಮ್ಮ ಹೋದಳು. ಹೋಗದೆ ಏನು ಮಾಡುತ್ತಿದ್ದಳು? ಮಗ ಯೋಗರಾಜ್ ಇನ್ನೂ ಐಟಿಐ ಓದುತ್ತಿದ್ದ.

ಸುಟ್ಟ ಗೋಡೆಗೆ ಸುಣ್ಣ ಬಳಿದರು. ಸುಟ್ಟ ಡಬ್ಬಿಗಳ ಜಾಗಕ್ಕೆ ಅಂಥವೇ ಡಬ್ಬಿಗಳು ಬಂದವು. ಕಾರ್ಖಾನೆ ನಡೆಯಿತು.

ಎರಡು ವರ್ಷ ಕಳೆದ ಮೇಲೆ ಒಂದು ಭಾನುವಾರ ಉಚ್ಚಂಗಮ್ಮ ಜನ್ನಾಪುರದ ತನ್ನ ಮನೆಯಿಂದ ಪಕ್ಕದ ಶಂಕರಮ್ಮನ ಮನೆಗೆ ದಡದಡ ನಡೆದುಬಂದಳು. ಶಂಕರಮ್ಮ ಅಡುಗೆಮನೆಯಲ್ಲಿ ಕಾಫಿಗೆ ಇಡುತ್ತಿದ್ದಳು. ಮಗಳು ಸಮತಾ ಹೊಸ್ತಿಲ ಬಳಿ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ಸಮತಾ ಪಾಲಿಟೆಕ್ನಿಕ್‌ನಲ್ಲಿ ಇನ್‌ಸ್ಟ್ರುಮೆಂಟೇಶನ್ ಡಿಪ್ಲೊಮಾ ಮಾಡಿದ ಹುಡುಗಿ. ಕಾರ್ಖಾನೆಗಳಿಗೆ ಬೆಂಕಿ ಎಚ್ಚರಿಕೆಯ ಸಾಮಾನು ಹಾಕಿಕೊಡುವ ಶಿವಮೊಗ್ಗದ ಒಂದು ಕಂಪನಿಯಲ್ಲಿ ಇಂಜಿನಿಯರ್.

“ಯೋಗಿಗೆ ಕೆಲಸ ಸಿಕ್ತಂತಲ್ಲೇ ಉಚ್ಚಂಗಿ! ಸಕ್ಕರೆ ಹಂಚೋದು ಬಿಟ್ಟು ಮುಖ ಯಾಕೆ ಹಂಗೆ ಗಂಟು ಹಾಕ್ಕೊಂಡಿದೀಯ ಮಾರಾಯ್ತಿ?” ಎಂದಳು ಶಂಕರಮ್ಮ.

“ಎಲ್ಲಿ ಸಿಕ್ತು ಅಂತ ಕೇಳು. ಅವರಪ್ಪ ಬೆಂದ ಜಾಗದಲ್ಲೇ. ಏನ್ ಕೆಲಸ ಅಂತ ಕೇಳು. ಆ ದರಿದ್ರ ಬಿಳಿ ಡಬ್ಬಿ ಕೂರಿಸೋದು. ಕೊಡಿಸ್ದೋರು ಯಾರು ಅಂತ ಕೇಳಬೇಡ, ಇಲ್ಲೇ ಕೂತು ಜಡೆ ಹಾಕ್ಕೋತಾ ಇದಾಳೆ.”

ಸಮತಾ ಬಾಚಣಿಗೆ ಕೆಳಗಿಟ್ಟಳು. “ನಾನೇ ಕೊಡಿಸಿದ್ದು ಅತ್ತೆ, ನಮ್ಮ ಕಂಪನೀಲಿ. ಬಯ್ಯೋದಿದ್ರೆ ಬಯ್ದುಬಿಡಿ.”

“ಬಯ್ಯದೆ ಬಿಡ್ತೀನಾ? ಓದ್ದೋಳು ಅಂತ ಕಾಲಿಗೆ ಬೀಳ್ತೀನಿ ಅಂದ್ಕೊಂಡ್ಯಾ? ಆ ಡಬ್ಬಿ ಅವತ್ತೂ ಇತ್ತಲ್ಲೇ! ಏನ್ ಕಿಸೀತು ಅದು? ನನ್ ಗಂಡನ್ನ ಉಳಿಸ್ತಾ? ಅದಕ್ಕೆ ಊದುಬತ್ತಿ ಹಿಡಿಯೋಕ್ ಹೋಗೇ ಅವನು ಸತ್ತಿದ್ದು. ಅಪ್ಪನ್ನ ತಿಂದಿದ್ದು ಸಾಲ್ದು ಅಂತ ಈಗ ಮಗನ್ನ ಕರೀತಾ ಇದೆಯಾ?”

ಸಮತಾ ತಲೆ ತಗ್ಗಿಸಲಿಲ್ಲ.

“ಆ ಡಬ್ಬಿ ಅಲ್ಲಿ ಇರಲೇಬಾರದಿತ್ತು ಅತ್ತೆ. ಅದು ಲಾಡ್ಜಿಗೆ, ಆಫೀಸಿಗೆ ಹಾಕೋ ಡಬ್ಬಿ. ಲಾಡ್ಜಲ್ಲಿ ಯಾವನೋ ಸಿಗರೇಟ್ ಸೇದಿ ಹಾಸಿಗೆ ಸುಟ್ಕೊಂಡ್ರೆ ಕೂಗುತ್ತೆ, ಅಷ್ಟಕ್ಕೆ ಸರಿ. ಸಾಲ್ವೆಂಟ್ ಇರೋ ಕಡೆ ಅದನ್ನ ಹಾಕಿದ್ದು ಒಂದು ಪಾಪ, ಊದುಬತ್ತಿ ಹಿಡಿಸಿದ್ದು ಇನ್ನೊಂದು ಪಾಪ. ಊದುಬತ್ತಿ ಇಲ್ದೇ ಇದ್ರೂ ಆ ಡಬ್ಬಿ ಒಂದಲ್ಲ ಒಂದಿನ ಕೊಲ್ತಿತ್ತು.”

“ಅದ್ ಹೆಂಗೆ?”

“ಅದರೊಳಗೂ ಕರೆಂಟ್ ಹರೀತದಲ್ಲ. ವೈರ್ ಸಡಿಲ ಆದ್ರೆ ಕಿಡಿ. ಇಲಿ ಕಡಿದ್ರೆ ಕಿಡಿ. ಮನೇಲಿ ಕಿಡಿ ಹಾರಿದ್ರೆ ಫ್ಯೂಸ್ ಹೋಗುತ್ತೆ. ಅಲ್ಲಿ ಸಾಲ್ವೆಂಟ್ ಆವಿ ತುಂಬಿರುವಾಗ ಹಾರಿದ್ರೆ ಹಾಲೇ ಹೋಗುತ್ತೆ. ಬೆಂಕಿ ಕಾಯ್ಲಿ ಅಂತ ಇಟ್ಟಿದ್ದೇ ಬೆಂಕಿ ಹಚ್ಚುತ್ತೆ.”

“ಮತ್ತೆ ಈಗ ನೀವು ಹಾಕ್ತಿರೋದ್ರಲ್ಲಿ ಕರೆಂಟ್ ಬದಲು ಮಜ್ಜಿಗೆ ಹರಿಯುತ್ತಾ?”

ಶಂಕರಮ್ಮ ನಕ್ಕಳು. ನಗುತ್ತಲೇ ಗ್ಯಾಸ್ ತಿರುಗಿಸಿ ಲೈಟರ್ ಒತ್ತಿದಳು. ಟಕ್. ಮತ್ತೆ ಟಕ್. ಟಕ್ ಟಕ್ ಟಕ್. “ಇದರ ಮನೆ ಹಾಳಾಗ, ಸತ್ತೇ ಹೋಯ್ತು ಈ ಲೈಟರು!”

“ಗ್ಯಾಸ್ ಆಫ್ ಮಾಡೇ ಮೊದ್ಲು!” ಎಂದು ಉಚ್ಚಂಗಮ್ಮ ಕಿರುಚಿದಳು.

ಸಮತಾ ಎದ್ದು ಗ್ಯಾಸ್ ಬಂದ್ ಮಾಡಿ, ಕಿಟಕಿ ತೆರೆದು, ಲೈಟರನ್ನು ಅಂಗಳಕ್ಕೆ ತಂದು ಸೆರಗಿನ ಮರೆಯಲ್ಲಿ ಹಿಡಿದು ಒತ್ತಿದಳು. ತುದಿಯಲ್ಲಿ ಒಂದು ಬಡಕಲು ನೀಲಿ ಚುಕ್ಕೆ ಮಿಣುಕ್ ಎಂದಿತು.

“ಕಿಡಿ ಬಂತಾ ಅತ್ತೆ?”

“ಬಂತು.”

“ಮತ್ತೆ ಗ್ಯಾಸ್ ಯಾಕೆ ಹತ್ತಲಿಲ್ಲ?”

“ಹಳೇದು. ಕಿಡೀಲಿ ಕಸುವಿಲ್ಲ.”

“ಅಷ್ಟೇ ನಾನು ಹೇಳ್ತಿರೋದು. ಇದು ಹಳೇದಾಗಿ ಹಂಗಾಗಿದೆ, ನಂಬೋಕಾಗಲ್ಲ, ನಾಳೆ ಹತ್ತಿದ್ರೂ ಹತ್ತಬಹುದು. ನಾವು ಹಾಕೋ ಡಬ್ಬೀನ ಲೆಕ್ಕ ಹಾಕಿ, ಪರೀಕ್ಷೆ ಮಾಡಿ, ಹಂಗೇ ತಯಾರು ಮಾಡಿರ್ತಾರೆ. ವೈರ್ ತುಂಡಾಗಲಿ, ಒಂದಕ್ಕೊಂದು ತಾಗಲಿ, ಕಿಡಿ ಬಂದ್ರೂ ಅದರಲ್ಲಿ ಸಾಲ್ವೆಂಟ್ ಹಚ್ಚೋವಷ್ಟು ಕಸುವು ಇರಲ್ಲ. ಬಿಸಿಯೂ ಅಷ್ಟು ಏರಲ್ಲ. ಇಂಟ್ರಿನ್ಸಿಕಲಿ ಸೇಫ್ ಅಂತಾರೆ. ಹೊರಗಿಂದ ಕವಚ ತೊಡಿಸಿದ್ದಲ್ಲ, ಅದರ ಹುಟ್ಟುಗುಣವೇ ಅದು.”

ಉಚ್ಚಂಗಮ್ಮ ಅಂಗಳದ ಕಲ್ಲಿನ ಮೇಲೆ ಕೂತಳು. ಸಿಟ್ಟು ಇಳಿದಿರಲಿಲ್ಲ, ಆದರೆ ಕಿವಿ ತೆರೆದಿತ್ತು.

“ಆಯ್ತು ಕಣಮ್ಮ. ಡಬ್ಬಿ ಪಾಪದ್ದು. ಅದಕ್ಕೆ ಬರೋ ಕರೆಂಟ್ ಪಾಪದ್ದಾ? ಸಿಡಿಲು ಗಿಡಿಲು ಹೊಡೆದು ಒಂದೇ ಸಲ ನುಗ್ಗಿದ್ರೆ?”

“ಒಳ್ಳೇ ಪ್ರಶ್ನೆ ಕೇಳಿದ್ರಿ. ನಮ್ಮ ಹುಡುಗರೇ ಕೇಳಲ್ಲ ಇದನ್ನ. ಭದ್ರಾ ಚಾನಲ್ಲಿನಲ್ಲಿ ನೀರು ಎಷ್ಟೇ ಬರಲಿ, ಗದ್ದೆಗೆ ತೂಬು ಬಿಟ್ಟಷ್ಟೇ ತಾನೇ ಹೋಗೋದು? ಹಂಗೇ ಇದಕ್ಕೂ ಒಂದು ತೂಬು ಇದೆ. ಬ್ಯಾರಿಯರ್ ಅಂತಾರೆ. ಹಾಲಿನಿಂದ ದೂರ, ಆವಿ ಬರದ ಪ್ಯಾನೆಲ್ ರೂಮಲ್ಲಿ ಕೂತಿರುತ್ತೆ. ಜಾಸ್ತಿ ಕರೆಂಟ್ ಬಂದ್ರೆ ತಾನು ಸುಟ್ಟುಹೋಗುತ್ತೆ, ಒಳಕ್ಕೆ ಬಿಡಲ್ಲ. ಡಬ್ಬಿ, ಬ್ಯಾರಿಯರ್, ಅವೆರಡರ ಮಧ್ಯದ ನೀಲಿ ವೈರು. ಮೂರೂ ಸೇರಿದ್ರೇ ಸೇಫ್. ಒಂದು ತಪ್ಪಿದ್ರೂ ಅದು ಮತ್ತೆ ಲಾಡ್ಜ್ ಡಬ್ಬೀನೇ.”

“ಇಷ್ಟೆಲ್ಲ ಇದೆ ಅಂತ ಎರಡು ವರ್ಷದ ಹಿಂದೆ ಗೊತ್ತಿರಲಿಲ್ವಾ ಅವರಿಗೆ?”

ಸಮತಾ ಲೈಟರನ್ನು ಕಲ್ಲಿನ ಮೇಲಿಟ್ಟಳು. “ಗೊತ್ತಿತ್ತು ಅತ್ತೆ. ನಮ್ಮ ಕಂಪನಿಯವರು ಅವಾಗ್ಲೇ ಹೋಗಿ ಹೇಳಿದ್ರಂತೆ. ದುಬಾರಿ ಅಂದ್ರಂತೆ.”

“ಈಗ ಯಾಕೆ ಹಾಕ್ತಿದಾರೆ? ನನ್ ಗಂಡನ ಆತ್ಮಕ್ಕೆ ಶಾಂತಿ ಸಿಗ್ಲಿ ಅಂತಾನಾ?”

“ಇಲ್ಲ. ಇದಿಲ್ದೆ ಫ್ಯಾಕ್ಟರಿಗೆ ಇನ್ಶೂರೆನ್ಸ್ ಮಾಡಲ್ಲ ಅಂತ ವಿಮೆಯವರು ಕೂತಿದಾರೆ.”

ಉಚ್ಚಂಗಮ್ಮ ನಕ್ಕಳು. ಅಂಥ ನಗುವನ್ನು ಕೇಳಬಾರದು. ಮನುಷ್ಯ ಸುಟ್ಟಾಗ ಅಲುಗದ ಕುರ್ಚಿ, ಯಂತ್ರಕ್ಕೆ ವಿಮೆ ಇಲ್ಲ ಎಂದಾಗ ಅಲುಗಿತ್ತು. ಯಾಕಾದರೂ ಅಲುಗಲಿ, ಅಲುಗಿತಲ್ಲ. ಅವಳು ಎದ್ದು ನಿಂತು, “ನಾನೂ ಅಲ್ಲೇ ಇರ್ತೀನಿ. ನನ್ ಕಣ್ಣೆದುರಿಗೇ ಕೂರಿಸ್ಬೇಕು. ನನಗೆ ಸರಿ ಕಾಣಲಿಲ್ಲ ಅಂದ್ರೆ ಮಗನ ಕೊರಳಪಟ್ಟಿ ಹಿಡಿದು ಎಳ್ಕೊಂಡ್ ಬರ್ತೀನಿ” ಎಂದಳು.

“ಬನ್ನಿ. ನಿಮ್ಮಂಥೋರು ಒಬ್ರು ಇರಲೇಬೇಕು” ಎಂದಳು ಸಮತಾ.

ಕೆಲಸ ಶುರುವಾಗುವ ಮೊದಲು ಕಾರ್ಖಾನೆ ನಿಲ್ಲಿಸಿದರು. ಹಾಲಿನ ಕಿಟಕಿ ಬಾಗಿಲು ತೆರೆದು ಗಾಳಿ ಆಡಿಸಿದರು. ಸಮತಾ ಕೈಯಲ್ಲೊಂದು ಅಳೆಯುವ ಯಂತ್ರ ಹಿಡಿದು ನೆಲದ ಹತ್ತಿರ, ಚರಂಡಿಯ ಬಾಯಿಯ ಹತ್ತಿರ ಬಗ್ಗಿ ಬಗ್ಗಿ ನೋಡಿ, ಆವಿ ಇಲ್ಲ ಎಂದು ಖಾತ್ರಿಯಾದ ಮೇಲೆ ಹುಡುಗರನ್ನು ಒಳಗೆ ಬಿಟ್ಟಳು. ಹಳೆಯ ಡಬ್ಬಿಗಳನ್ನು ಕಿತ್ತು ಮೂಟೆ ಕಟ್ಟಿದರು. ಯೋಗರಾಜ್ ಏಣಿ ಹತ್ತಿ ಹೊಸವನ್ನು ಕೂರಿಸಿದ. ಉಚ್ಚಂಗಮ್ಮ ಪೊರಕೆ ಹಿಡಿದು ಏಣಿಯ ಬುಡದಲ್ಲೇ ನಿಂತಿದ್ದಳು.

“ಅಮ್ಮಾ, ನೀನು ಹಿಂಗೆ ನಿಂತ್ರೆ ನನ್ನ ಕೈ ನಡುಗುತ್ತೆ. ಅತ್ಲಾಗ್ ಹೋಗು.”

“ನಡುಗ್ಲಿ. ನಡುಗೋ ಕೈ ಹುಷಾರಾಗಿರುತ್ತೆ. ಅದೇನದು ಡಬ್ಬಿ ಮೇಲೆ ಬರೆದಿರೋದು?”

“ಎಕ್ಸ್ ಗುರುತು, ಇಂಗ್ಲಿಷಲ್ಲಿ ‘Ex’ ಅಂತ ಎರಡಕ್ಷರ. ಇಂಥ ಜಾಗಕ್ಕೆ ಆಗುತ್ತೆ ಅಂತ ಪರೀಕ್ಷೆ ಮಾಡಿ ಕೊಟ್ಟಿರೋ ಗುರುತು. ಯಾವ ಥರದ ಗ್ಯಾಸಿಗೆ, ಎಷ್ಟು ಬಿಸಿವರೆಗೆ ಅಂತ ಪಕ್ಕದಲ್ಲೇ ಇದೆ. ಈ ಗುರುತು ಇಲ್ದಿದ್ರೆ ಒಳಗೆ ತರೋ ಹಾಗೇ ಇಲ್ಲ.”

ಅಷ್ಟರಲ್ಲಿ ಬಾಗಿಲ ಬಳಿ ಘಮ ಬಂತು. ಮಾರಪ್ಪ ನಿಂತಿದ್ದ. ಹಣೆಗೆ ವಿಭೂತಿ, ಕೈಯಲ್ಲಿ ಉರಿಯುವ ಊದುಬತ್ತಿ. “ಕೂರಿಸಿದ್ದಾಯ್ತಲ್ಲ ಮೇಡಂ, ಒಂದು ಸಲ ತೋರಿಸ್ಬಿಡೋಣ, ಕೂಗುತ್ತೋ ಇಲ್ವೋ ಗೊತ್ತಾಗ್ಲಿ” ಎಂದ. ಅವನ ಮುಖದಲ್ಲಿ ಕಪಟವೇನೂ ಇರಲಿಲ್ಲ. ಅದೇ ಭಯಂಕರ. ಒಬ್ಬ ಮನುಷ್ಯ ಬೆಂದ ಮೇಲೂ ಆ ಕೈಗೆ ಆ ಪದ್ಧತಿ ಬಿಟ್ಟಿರಲಿಲ್ಲ.

“ಹೊರಗೆ! ಹೊರಗೆ ಹೋಗಿ ಮೊದ್ಲು!” ಸಮತಾ ಓಡಿಹೋಗಿ ಅವನನ್ನು ಅಂಗಳಕ್ಕೆ ತಳ್ಳಿದಳು. ಊದುಬತ್ತಿ ಕಿತ್ತುಕೊಂಡು ಮರಳಿನ ಬಕೆಟ್‌ಗೆ ತುರುಕಿದಳು. “ಡಬ್ಬಿ ಪರೀಕ್ಷೆ ಮಾಡೋಕೆ ಬೆಂಕಿ ಬೇಡ ಮಾರಪ್ಪನವರೇ. ಅದಕ್ಕೆ ಬೇರೆ ಸಾಮಾನಿದೆ, ಅದನ್ನೂ ಮಾಡೋದು ಪ್ಲಾಂಟ್ ನಿಲ್ಲಿಸಿ, ಆವಿ ಅಳೆದ ಮೇಲೆ. ಊದುಬತ್ತಿ ದೇವರಿಗೆ. ಈ ಬಾಗಿಲಿಂದ ಒಳಗೆ ಅಲ್ಲ.”

ಉಚ್ಚಂಗಮ್ಮ ಹಿಂದೆಯೇ ಬಂದಿದ್ದಳು. ಎರಡು ವರ್ಷದಿಂದ ಅವಳು ಮಾರಪ್ಪನ ಎದುರು ನಿಂತು ಮಾತಾಡಿರಲಿಲ್ಲ.

“ಮಾರಪ್ಪಣ್ಣ, ಅವತ್ತೂ ಹಿಂಗೇ ಅಲ್ವಾ ತೋರಿಸಿದ್ದು?”

ಮಾರಪ್ಪ ಬಕೆಟ್ಟನ್ನೇ ನೋಡುತ್ತ ನಿಂತ. “ನಂಗೂ ಹೆಂಡ್ತಿ ಮಕ್ಳಿದಾರೆ ಉಚ್ಚಂಗಮ್ಮ” ಎಂದ.

“ಅವನಿಗೂ ಇದ್ರು” ಎಂದಳು ಅವಳು. ಪೊರಕೆ ತೆಗೆದುಕೊಂಡು ಒಳಗೆ ಹೋದಳು.

ಮಳೆಗಾಲ ಹೋಯಿತು. ಡಬ್ಬಿಗಳು ಚಾವಣಿಗೆ ಅಂಟಿಕೊಂಡು ಸುಮ್ಮನಿದ್ದವು. ಯೋಗರಾಜನನ್ನು ಕಾರ್ಖಾನೆಯವರೇ ಎಲೆಕ್ಟ್ರಿಷಿಯನ್ ಆಗಿ ಇಟ್ಟುಕೊಂಡರು. ಉಚ್ಚಂಗಮ್ಮನಿಗೆ ಡಬ್ಬಿಗಳ ಮೇಲೆ ಇನ್ನೂ ಪೂರ್ತಿ ನಂಬಿಕೆ ಬಂದಿರಲಿಲ್ಲ. ಗುಡಿಸುತ್ತ ಗುಡಿಸುತ್ತ ಒಂದೊಂದು ಸಲ ತಲೆ ಎತ್ತಿ, “ಕೂಳಿಗೆ ದಂಡ” ಎಂದು ಗೊಣಗುತ್ತಿದ್ದಳು.

ಸುಗ್ಗಿಯ ಹೊತ್ತು. ಗಿರಣಿಗಳಿಂದ ಲಾರಿಯ ಮೇಲೆ ಲಾರಿ ಬರುತ್ತಿತ್ತು. ಒಂದು ಮಧ್ಯಾಹ್ನ ತೌಡು ಹೊತ್ತು ತರುವ ಕನ್ವೇಯರಿನ ಬೇರಿಂಗ್ ಸಿಕ್ಕಿಕೊಂಡು ಮುಟ್ಟಲಾಗದಷ್ಟು ಕಾದಿತು. ಮೇಲೆ ಕೂತಿದ್ದ ತೌಡಿನ ಹುಡಿ ಹೊಗೆಯಾಡತೊಡಗಿತು. ಯಂತ್ರದ ಮರೆಯಲ್ಲಿ ಎಳೆಯಷ್ಟು ಹೊಗೆ. ಮನುಷ್ಯರ ಕಣ್ಣಿಗೆ ಬಿದ್ದಿರಲಿಲ್ಲ. ಡಬ್ಬಿ ಕೂಗಿತು.

ಕೂಗಿದ್ದು ಎಂದರೆ ಎಂಥ ಕೂಗು! ಸೈರನ್ ಹೊಡೆದುಕೊಂಡಿತು, ಪ್ಯಾನೆಲ್ಲಿನಲ್ಲಿ ಕೆಂಪು ದೀಪ ಹತ್ತಿತು, ಪಂಪುಗಳು ತಾವಾಗಿಯೇ ನಿಂತವು. ಯೋಗರಾಜ್ ಹಾಲಿನ ಆ ಮೂಲೆಯಲ್ಲಿದ್ದ, ಕನ್ವೇಯರಿನಿಂದ ಕೂಗಳತೆಯಲ್ಲಿ. ಎಲ್ಲರ ಜೊತೆ ಓಡಿ ಗೇಟಿನ ಹೊರಗೆ ಬಂದ. ಬೇರಿಂಗಿನ ಮೇಲೆ ಬೆಂಕಿ ನಂದಿಸುವ ಪುಡಿ ಸಿಂಪಡಿಸಿ ಆರಿಸಿದರು. ಯಾರಿಗೂ ಏನೂ ಆಗಲಿಲ್ಲ. ಏನೂ ಆಗಲಿಲ್ಲ ಎಂಬುದೇ ಸುದ್ದಿ. ಅಂಥ ಸುದ್ದಿ ಪೇಪರಿನಲ್ಲಿ ಬರುವುದಿಲ್ಲ.

ಉಚ್ಚಂಗಮ್ಮ ಮಗನ ಮೈಯೆಲ್ಲ ಮುಟ್ಟಿ ಮುಟ್ಟಿ ನೋಡಿದಳು. ಸಂಜೆ ಶಂಕರಮ್ಮನ ಮನೆಯ ಹೊಸ್ತಿಲಿಗೆ ಬಂದು ಕೂತಳು. “ಕೂಗ್ತು ಕಣೇ” ಎಂದಳು. ಸೆರಗು ಬಾಯಿಗೆ ಒತ್ತಿಕೊಂಡು, “ಅವತ್ತು ಇಂಥದ್ದು ಇದ್ದಿದ್ರೆ ಊದುಬತ್ತಿ ಯಾಕ್ ಬೇಕಿತ್ತೇ?” ಎಂದಳು. ಸಮತಾ ಅವಳ ಪಕ್ಕ ಕೂತಳು.

ಮಾರನೆಯ ದಿನ ಪ್ರಸನ್ನಕುಮಾರ್ ಎಲ್ಲರನ್ನೂ ನಿಲ್ಲಿಸಿ ಬೈದ. ಒಂದು ಬೇರಿಂಗಿಗೆ ಒಂದು ಪಾಳಿ ಹಾಳಾಯಿತಂತೆ. ಇಷ್ಟು ಸೂಕ್ಷ್ಮ ಇರಬಾರದಂತೆ ಯಂತ್ರ. ಸ್ವಲ್ಪ ತಡೆದು ಕೂಗುವ ಹಾಗೆ ಮಾಡಲು ಬರುತ್ತದಾ ಎಂದು ಕೇಳಿದ. ಉಳಿದ ಜೀವಗಳ ಮಾತು ಅವನ ಬಾಯಲ್ಲಿ ಬರಲಿಲ್ಲ.

ಯುಗಾದಿ ಕಳೆದ ಮೇಲೆ ಒಂದು ಸಂಜೆ ಭದ್ರಾವತಿಯ ಕಡೆಯಿಂದ ಗುಡುಗು ಎದ್ದು ಬಂತು. ಕಾರ್ಖಾನೆಯ ಹಿಂದಿನ ಕಂಬಕ್ಕೆ ಸಿಡಿಲು ಬಡಿಯಿತು. ಪ್ಯಾನೆಲ್ ರೂಮಿನ ಬ್ಯಾರಿಯರ್ ಸುಟ್ಟಿತು. ಸುಡುವುದೇ ಅದರ ಕೆಲಸ. ನುಗ್ಗಿಬಂದದ್ದನ್ನು ತಾನು ನುಂಗಿ, ಹಾಲಿನೊಳಕ್ಕೆ ಬಿಡದೆ ಸತ್ತಿತು. ಆ ಸಾಲಿನ ಡಬ್ಬಿಗಳು ಕುರುಡಾದವು. ಪ್ಯಾನೆಲ್ ಹಳದಿ ದೀಪ ಹಚ್ಚಿಕೊಂಡು ಪೀ ಪೀ ಎನ್ನತೊಡಗಿತು.

ಬೆಳಗ್ಗೆ ಯೋಗರಾಜ್ ಸಮತಾಗೆ ಫೋನ್ ಮಾಡಿದ. “ಬ್ಯಾರಿಯರ್ ಮುಂಬೈಯಿಂದ ಬರಬೇಕು, ತರಿಸ್ತೀನಿ. ಅಲ್ಲಿವರೆಗೆ ಪ್ಲಾಂಟ್ ನಿಲ್ಲಿಸಿ ಅಂತ ಹೇಳು. ನಾನೂ ಮ್ಯಾನೇಜರಿಗೆ ಹೇಳ್ತೀನಿ” ಎಂದಳು. ಹೇಳಿದಳು ಕೂಡ. ಮ್ಯಾನೇಜರ್ ಆಗಲಿ ಮೇಡಂ, ಆಗಲಿ ಎಂದು ಫೋನಿಟ್ಟ. ಇಟ್ಟವನು ನೇರ ಪ್ಯಾನೆಲ್ ರೂಮಿಗೆ ಬಂದ.

“ಗೇಟಲ್ಲಿ ಲಾರಿ ನಿಂತಿರೋದು ನೋಡಿದೀಯೇನೋ? ತೌಡು ನಿಂತ್ರೆ ಹುಳಿ ಏರುತ್ತೆ, ನಾಳಿದ್ದಿಗೆ ದನಕ್ಕೂ ಆಗಲ್ಲ. ಆ ಸುಟ್ಟಿರೋದನ್ನ ಬಿಚ್ಚಿ ಬಿಸಾಕು. ಎರಡು ವೈರ್ ನೇರ ಸೇರಿಸು. ಡಬ್ಬಿ ಕೆಲಸ ಮಾಡುತ್ತೆ, ಈ ಪೀ ಪೀನೂ ನಿಲ್ಲುತ್ತೆ.”

“ಹಂಗೆ ಮಾಡಬಾರದು ಅಂದಿದಾರೆ ಸಾರ್.”

“ಯಾರು, ಆ ಹುಡುಗೀನಾ? ಅವಳು ಸಂಬಳ ಕೊಡ್ತಾಳಾ ನಿಂಗೆ? ಒಂದು ವಾರದ ಮಾತು. ಹೊಸದು ಬಂದ ಮೇಲೆ ಹಾಕ್ಕೊಂಡ್ರಾಯ್ತು. ಯಾರಿಗೂ ಗೊತ್ತಾಗಲ್ಲ.”

ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದ ಉಚ್ಚಂಗಮ್ಮನ ಕಡೆ ಯೋಗರಾಜ್ ನೋಡಿದ. ಅವನ ಕೈ ಟೂಲ್ ಬ್ಯಾಗಿನ ಒಳಗಿತ್ತು. “ಒಂದೇ ವಾರ ಅಮ್ಮಾ” ಎಂದ, ಸಣ್ಣ ಧ್ವನಿಯಲ್ಲಿ. “ಈ ಕೆಲಸ ಹೋದ್ರೆ ಮತ್ತೆಲ್ಲಿ ಸಿಗುತ್ತೆ?” ಸ್ಕ್ರೂಡ್ರೈವರ್ ಹೊರಗೆ ಬಂತು.

ಅವನನ್ನು ಬೈಯಬೇಡಿ. ಕಲಿತದ್ದನ್ನು ಅವನು ಮರೆತಿರಲಿಲ್ಲ. ಹಸಿವು ಗೊತ್ತಿದ್ದವನು, ಅಷ್ಟೇ.

ಪ್ರಸನ್ನಕುಮಾರನಿಗೆ ಹಗ್ಗದ ತುದಿ ಎಲ್ಲಿದೆ ಎಂದು ತಿಳಿಯಿತು. ಅವನು ಉಚ್ಚಂಗಮ್ಮನ ಕಡೆ ತಿರುಗಿ, ಧ್ವನಿ ಮೆತ್ತಗೆ ಮಾಡಿಕೊಂಡು, “ನೋಡು ಉಚ್ಚಂಗಮ್ಮ, ನಿಮ್ಮನೆ ಒಲೆ ಉರೀತಿರೋದು ಇಲ್ಲಿಂದ. ತಾಯಿ ಮಾತು ಮೀರೋ ಹುಡುಗ ಅಲ್ಲ ಅವನು. ಒಂದು ಮಾತು ಹೇಳು ಅವನಿಗೆ. ಸೇರಿಸು ಅಂತ ಹೇಳು” ಎಂದ.

ಅವಳು ಬಾಯಿ ತೆರೆಯುವ ಮೊದಲು, ಇದನ್ನು ಸಂಘದಲ್ಲಿ ಓದುತ್ತಿರುವ ಅಕ್ಕತಂಗಿಯರೇ, ಪಾಳಿ ಮುಗಿಸಿ ಕೇಳುತ್ತಿರುವ ಅಣ್ಣತಮ್ಮಂದಿರೇ, ನಿಮ್ಮನ್ನೊಂದು ಕೇಳಬೇಕು. ನೀವು ಕೆಲಸ ಮಾಡುವ ಜಾಗದಲ್ಲಿ ಸಾಲ್ವೆಂಟ್, ಪೆಟ್ರೋಲು, ಸ್ಪಿರಿಟ್, ಥಿನ್ನರ್, ಗ್ಯಾಸ್ ಯಾವುದಾದರೂ ಇದೆಯೇ? ಇದ್ದರೆ ನಾಳೆ ತಲೆ ಎತ್ತಿ ಚಾವಣಿ ನೋಡಿ. ಅಲ್ಲಿ ಬೆಂಕಿ ಕಾಯುವ ಡಬ್ಬಿಯೇ ಇಲ್ಲವೆಂದರೆ ಕೇಳಿ. ಇದೆಯೆಂದರೆ ಅದರ ಮೇಲೆ ಎಕ್ಸ್ ಗುರುತು ಇದೆಯೇ, ಅದು ನಿಮ್ಮ ಜಾಗದ ಗ್ಯಾಸಿಗೆ ಆಗುವಂಥದ್ದೇ ಎಂದು ಕೇಳಿ. ಆಫೀಸಿನ ಡಬ್ಬಿ ತಂದು ಅಲ್ಲಿ ಅಂಟಿಸಿದವನು ನಿಮ್ಮನ್ನು ಕಾಯುತ್ತಿಲ್ಲ, ಇನ್‌ಸ್ಪೆಕ್ಟರನ ಕಣ್ಣು ಕಟ್ಟುತ್ತಿದ್ದಾನೆ. ಬ್ಯಾರಿಯರ್ ಎಲ್ಲಿದೆ, ತೋರಿಸಿ ಅನ್ನಿ. ನೀಲಿ ವೈರನ್ನು ಬೇರೆ ವೈರುಗಳ ಜೊತೆ ಹುರಿ ಮಾಡಿ ಎಳೆದಿದ್ದರೆ ಬೇಡ ಅನ್ನಿ, ಅವುಗಳ ಕರೆಂಟ್ ಇದಕ್ಕೂ ದಾಟಬಹುದು. ಊದುಬತ್ತಿ, ಬೆಂಕಿಕಡ್ಡಿ, ಬೀಡಿ ಹೊಗೆ ಹಿಡಿದು ಪರೀಕ್ಷೆ ಮಾಡಲು ಯಾರೇ ಹೇಳಲಿ, ಹೇಳಿದವನ ಕೈಗೇ ಅದನ್ನು ಕೊಟ್ಟು ಹೊರಗೆ ಬನ್ನಿ. ಡಬ್ಬಿ ಕೂಗಿದರೆ ಅದರ ಬಾಯಿಗೆ ಬಟ್ಟೆ ತುರುಕಬೇಡಿ. ಕೆಟ್ಟರೆ ಸರಿಯಾದದ್ದು ಬರುವವರೆಗೆ ಕೆಲಸ ನಿಲ್ಲಲಿ. ತೌಡು ಹುಳಿಯಾದರೆ ಮತ್ತೊಂದು ಲಾರಿ ಬರುತ್ತದೆ. ಒಬ್ಬರೇ ಕೇಳಲು ಹೆದರಿಕೆಯಾದರೆ ನಾಲ್ವರು ಹೋಗಿ, ಸಂಘದ ಮೂಲಕ ಹೋಗಿ, ಕಾರ್ಖಾನೆ ಇಲಾಖೆಗೆ ಹೋಗಿ. ನೀವು ಸತ್ತ ಮೇಲೆ ನಿಮ್ಮ ಪರವಾಗಿ ಯಾರೂ ನಿಜ ಹೇಳುವುದಿಲ್ಲ. ಬದುಕಿರುವಾಗ ನೀವೇ ಹೇಳಬೇಕು.

ಈಗ ಕೇಳಿ.

ಉಚ್ಚಂಗಮ್ಮ ಪೊರಕೆಯನ್ನು ಗೋಡೆಗೆ ಒರಗಿಸಿದಳು. ಪ್ಯಾನೆಲ್ ರೂಮಿನ ಒಳಗೆ ಬಂದಳು. ಅಲ್ಲಿಗೆ ಗುಡಿಸುವವರು ಬರುವ ಪದ್ಧತಿ ಇರಲಿಲ್ಲ. ಮಗನ ಕೈಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಪ್ಯಾನೆಲ್ಲಿಗೆ ಬೆನ್ನು ಕೊಟ್ಟು ನಿಂತಳು. ಹಳದಿ ದೀಪ ಅವಳ ಹೆಗಲ ಹಿಂದೆ ಮಿನುಗುತ್ತಿತ್ತು.

“ಹೇಳು ಉಚ್ಚಂಗಮ್ಮ” ಎಂದ ಮ್ಯಾನೇಜರ್.

“ಹೇಳಲ್ಲ ಸಾರ್.”